ಒತೀಲಿಯಾ ಎಣಿಸಿದ ಏಳು ಕಾಳು

ಪುಟ ಮಗುಚುವ ಮುಂಚೆ ಸ್ವಲ್ಪ ನಿಲ್ಲಿ, ಇದೊಂದನ್ನು ಪೂರ್ತಿ ಕೇಳಿಬಿಡಿ. ಇದು ಏಳು ಬೀನ್ಸ್ ಕಾಳಿನ ಕತೆ. ಒಂದು ಹೆಂಗಸು ಅಡುಗೆಮನೆ ಮೇಜಿನ ಮೇಲೆ ಈ ಏಳು ಕಾಳು ಸಾಲಾಗಿ ಇಟ್ಟಳು, ಅಷ್ಟೇ. ಅದರಿಂದ ಒಂದಿಡೀ ಖಂಡದ ಮಕ್ಕಳು ನಲವತ್ತು ವರ್ಷ ಒಬ್ಬ ಅಮ್ಮನಿಗಾಗಿ ಕಾದರು. ಆ ಅಮ್ಮ ಬರೀ ಬಣ್ಣದ ಚಿತ್ರ. ಕಾಯಿಸಿದ ಹೆಂಗಸು ಮಾತ್ರ ನಿಜ, ಇನ್ನೂ ಇದ್ದಾರೆ, ದಿನಾ ಕೆಲಸ ಮಾಡುತ್ತಾರೆ. ಅವರ ಹೆಸರು ಇವತ್ತಿನವರೆಗೆ ಯಾವ ಪರದೆಯ ಮೇಲೂ ಬಂದಿಲ್ಲ.

ಬೆಳಗಿನ ಜಾವ ಐದು ಗಂಟೆ. ಮೆಕ್ಸಿಕೊ ನಗರದ ಸಾಂತಾ ಮರೀಯಾ ಲಾ ರಿಬೇರಾದ ಹಳೇ ವಠಾರ, ಎರಡನೇ ಮಹಡಿ, ಹಸಿರು ಬಾಗಿಲು. ಒಲೆಯ ಮೇಲೆ ಮಣ್ಣಿನ ಮಡಕೆಯಲ್ಲಿ ದಾಲ್ಚಿನ್ನಿ ಹಾಕಿದ ಕಾಫಿ ಕುದಿಯುತ್ತಿದೆ. ಎಪ್ಪತ್ತೊಂದರ ಒತೀಲಿಯಾ ಸಾಲ್ದೀವರ್ ಶಾಲು ಹೊದ್ದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಸದ್ದು ಬಂದ್ ಮಾಡಿಟ್ಟಿದ್ದಾರೆ. ಪರದೆಯ ಮೇಲೆ ಒಂದು ಹುಡುಗಿಯ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಎಡಗೈ ಪಕ್ಕ ಎರಡು ಬಟ್ಟಲು, ಒಂದರಲ್ಲಿ ಬಿಳಿ ಕಾಳು, ಇನ್ನೊಂದರಲ್ಲಿ ಕರಿ ಕಾಳು. ಬಾಯಿ ತೆರೆದರೆ ಬಿಳಿ, ತುಟಿ ಕೂಡಿದರೆ ಕರಿ. ಟಕ್, ಟಕ್, ಟಕ್. ಸಾಲು ಮುಗಿದ ಮೇಲೆ ಕಾಳು ನೋಡಿಕೊಂಡು ತುಟಿಯಲ್ಲೇ ಒಂದು ಮಾತು ಗೊಣಗುತ್ತಾರೆ. ಸರಿಹೊಂದದಿದ್ದರೆ ತಲೆಯಾಡಿಸಿ ಮತ್ತೆ ಮೊದಲಿಂದ.

ಟೋಕಿಯೋದಲ್ಲಿ ಬರೆದ ಕಾರ್ಟೂನಿನ ಬಾಯಿಗೆ ಸ್ಪ್ಯಾನಿಷ್ ಮಾತು ಹೊಲಿಯುವುದು ಇವರ ಕಸುಬು. ಅರ್ಥ ಕೆಡಬಾರದು, ಬಾಯಿ ಮುಚ್ಚಿದ ಮೇಲೆ ದನಿ ಉಳಿಯಬಾರದು, ತುಟಿ ಕೂಡುವ ಕಡೆ ತುಟಿ ಕೂಡುವ ಅಕ್ಷರವೇ ಬರಬೇಕು. "ಜಪಾನಿನವರು ಬಾಯಿಗೆ ಮೂರೇ ಚಿತ್ರ ಬರೀತಾರೆ," ಅನ್ನುತ್ತಾರೆ ಒತೀಲಿಯಾ. "ಮುಚ್ಚಿದ್ದು, ಅರ್ಧ ತೆಗ್ದಿದ್ದು, ಪೂರ್ತಿ ತೆಗ್ದಿದ್ದು. ಆ ಮೂರರಲ್ಲೇ ಅಳಬೇಕು, ನಗಬೇಕು, ಬೈಬೇಕು. ನಮ್ಮತ್ತೆಗೆ ಅಷ್ಟೂ ಬೇಕಿರ್ಲಿಲ್ಲ, ಎರಡ್ರಲ್ಲೇ ಮುಗಿಸ್ತಿದ್ರು."

ಲೆಕ್ಕ ಕೇಳಿ. ಇಪ್ಪತ್ತನಾಲ್ಕು ನಿಮಿಷದ ಒಂದು ಕಂತಿನಲ್ಲಿ ಮುನ್ನೂರು ಚಿಲ್ಲರೆ ಮಾತು, ಹತ್ತಿರಹತ್ತಿರ ನಾಲ್ಕು ಸಾವಿರ ಸಲ ಬಾಯಿ ತೆರೆಯುತ್ತದೆ. ವಾರಕ್ಕೆ ಮೂರು ಕಂತು. ನಲವತ್ತನಾಲ್ಕು ವರ್ಷದಲ್ಲಿ ಆರು ಸಾವಿರಕ್ಕೂ ಮಿಕ್ಕಿ. ಎಡಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಬಲಗಣ್ಣು ಸರದಿಯಲ್ಲಿದೆ. ತಿಹುವಾನಾದಿಂದ ಹಿಡಿದು ಪ್ಯಾಟಗೋನಿಯಾದ ಕುರಿಹಟ್ಟಿಗಳವರೆಗೆ ಮಕ್ಕಳು ಇವರ ಮಾತು ಕೇಳಿ ಅತ್ತಿದ್ದಾರೆ, ಇವರ ಬೈಗುಳ ಕಲಿತು ಅಮ್ಮನ ಕೈಯಲ್ಲಿ ಏಟು ತಿಂದಿದ್ದಾರೆ.

ಕಾಳು ಬಂದದ್ದು ಹೀಗೆ. ಒತೀಲಿಯಾ ಮೊದಲು ಡಬ್ಬಿಂಗ್ ಸ್ಟುಡಿಯೋದಲ್ಲಿ ಬರೀ ಟೈಪಿಸ್ಟ್. ಒಂದು ದಿನ ಸಂತೆಯಿಂದ ನೇರ ಕೆಲಸಕ್ಕೆ ಬಂದಿದ್ದರು, ಚೀಲದಲ್ಲಿ ಎರಡು ಬಗೆ ಕಾಳಿತ್ತು, ಬಿಡುವಲ್ಲಿ ಕಲ್ಲು ಆರಿಸುತ್ತಿದ್ದರು. ಒಳಗೆ ನಟರು ಒಂದು ಸಾಲಿಗೆ ಹದಿನೇಳನೇ ಸಲ ಒದ್ದಾಡುತ್ತಿದ್ದರು, ಬಾಯಿಗೆ ಮಾತು ಕೂಡುತ್ತಿರಲಿಲ್ಲ. ಗಾಜಿನ ಈಚೆ ನಿಂತು ಒತೀಲಿಯಾ ಸುಮ್ಮನೆ ಕಾಳು ಇಟ್ಟುನೋಡಿದರು, ಮಾತು ಬದಲಿಸಿ ಚೀಟಿಯಲ್ಲಿ ಬರೆದು ಒಳಗೆ ಕಳಿಸಿದರು. ಒಂದೇ ಸಲಕ್ಕೆ ಕೂತಿತು. ಅವತ್ತಿಂದ ಕಾಳು ಬಿಟ್ಟಿಲ್ಲ. ಸಂಜೆ ಅದೇ ಕಾಳು ಬೇಯಿಸುತ್ತಾರೆ. "ನನ್ ಮಗಳು ಮಾರಿಕ್ರೂಸ್ ತಿಂದು ಬೆಳೆದಿದ್ದೇ ಸಂಭಾಷಣೆ," ಅಂತ ನಗುತ್ತಾರೆ. "ಅದಕ್ಕೇ ಈಗ ಅವಳ ಬಾಯಿಗೆ ಬೀಗ ಇಲ್ಲ."

ಈಗ ಆ ಏಳು ಕಾಳಿನ ಸಂಗತಿ. 1981ರಲ್ಲಿ ಟೋಕಿಯೋದಿಂದ ಐವತ್ತೆರಡು ಕಂತಿನ ಒಂದು ಸರಣಿ ಬಂತು. ಮೂಲ ಡೆನ್ಮಾರ್ಕಿನ ಒಂದು ಹಳೇ ಮಕ್ಕಳ ಪುಸ್ತಕ. ಹೊಳೆ ದಾಟಿಸುವ ಹೆಂಗಸು, ಅವಳ ಮಗಳು ಇಂಗೆರ್, ಒಂದು ದೋಣಿ, ಒಂದು ಕುಂಟು ಬಾತುಕೋಳಿ. ಮೂವತ್ತೆಂಟನೇ ಕಂತಿನಲ್ಲಿ ಅಮ್ಮ ಎದೆಯ ರೋಗಕ್ಕೆ ಮದ್ದು ಮಾಡಿಸಲು ದೋಣಿ ಹತ್ತಿ ಹೊರಡುತ್ತಾಳೆ. ಪುಸ್ತಕದಲ್ಲಿ, ಜಪಾನಿ ಸರಣಿಯಲ್ಲಿ ಅವಳು ಮಗಳಿಗೆ ನೇರ ಹೇಳುತ್ತಾಳೆ: ಇನ್ನು ನಾನು ಬರುವುದಿಲ್ಲ. ಬಾಯಿ ನಾಲ್ಕು ಸಲ ತೆರೆಯುತ್ತದೆ, ಒಮ್ಮೆ ತುಟಿ ಕೂಡುತ್ತದೆ, ಮತ್ತೆರಡು ಸಲ ತೆರೆಯುತ್ತದೆ. ನಾಲ್ಕು ಬಿಳಿ, ಒಂದು ಕರಿ, ಎರಡು ಬಿಳಿ. ಇಪ್ಪತ್ತೇಳರ ಒತೀಲಿಯಾ ಅದಕ್ಕೆ ಕೂರಿಸಿದ ಮಾತು "ಆಓರೀತಾ ವೆಂಗೊ". ಈಗ ಬಂದ್ಬಿಡ್ತೀನಿ. ಆ 'ವೆ'ಯನ್ನು ಅಲ್ಲಿಯವರು ತುಟಿ ಕೂಡಿಸಿ 'ಬೆ' ಅಂತಲೇ ಅನ್ನುತ್ತಾರೆ, ಕರಿ ಕಾಳು ಅದಕ್ಕೇ.

"ಬೇಕಂತ ಮಾಡಿದ್ದಲ್ಲ," ಅನ್ನುತ್ತಾರೆ ಒತೀಲಿಯಾ. "ದೋಣಿ ನೋಡ್ದೆ, ಅಮ್ಮನ್ನ ನೋಡ್ದೆ, ಮಗುನ್ನ ನೋಡ್ದೆ, ಕೈ ತಾನಾಗೇ ಹೊಡೀತು. ಹೊಸಿಲ ಮೇಲೆ ನಿಂತು ಮಗೂಗೆ 'ನಾನು ಹೋಗ್ತೀನಿ' ಅಂತ ಯಾವ ತಾಯಿ ಹೇಳ್ತಾಳೆ? ಈ ಊರಲ್ಲಿ ಅಂಗಡಿಗೆ ಹೋದ್ರೂ ಅದೇ ಮಾತು, ಆಸ್ಪತ್ರೆಗೆ ಹೋದ್ರೂ ಅದೇ ಮಾತು. ನಾನೇ ದಿನಾ ಬೆಳಗ್ಗೆ ಮಾರಿಕ್ರೂಸ್‌ನ ನಮ್ಮಮ್ಮನ ಹತ್ರ ಬಿಟ್ಟು ಅದನ್ನೇ ಹೇಳಿ ಬರ್ತಿದ್ದೆ." ಎರಡು ಬೀದಿ ಆಚೆ ಟೀಚರಾಗಿರುವ ಮಾರಿಕ್ರೂಸ್ ಇದಕ್ಕೆ ತನ್ನ ಮಾತು ಸೇರಿಸುತ್ತಾರೆ: "ಈಗ ಬಂದೆ ಅಂತಿದ್ರು. ಬರೋ ಹೊತ್ತಿಗೆ ನಾನು ನಿದ್ದೆ ಹೋಗಿರ್ತಿದ್ದೆ. ಆದ್ರೂ ಬರ್ತಿದ್ರಲ್ಲ, ಅದು ದೊಡ್ಡದು."

ಆಗ ಪ್ರತಿಗಳು ಐದೈದು ಕಂತಾಗಿ ಬರುತ್ತಿದ್ದವು, ಮುಂದೇನು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ನಲವತ್ತನಾಲ್ಕನೇ ಕಂತು ಬಂತು. ಆಸ್ಪತ್ರೆಯ ದಾದಿ ಇಂಗೆರ್‌ಗೆ ಕಾಗದ ಬರೆಯುತ್ತಾಳೆ, ಅಮ್ಮ ತೀರಿಕೊಂಡಿದ್ದಾಳೆ. ಅಷ್ಟರಲ್ಲಿ ಮೂವತ್ತೆಂಟು ಪ್ರಸಾರವಾಗಿಹೋಗಿತ್ತು. ಬೊಗೊತಾದಿಂದ, ಲೀಮಾದಿಂದ, ತೆಗುಸಿಗಾಲ್ಪಾದಿಂದ ಮಕ್ಕಳು ಬಣ್ಣದ ಪೆನ್ಸಿಲಿನಲ್ಲಿ ಬರೆದು ಕೇಳುತ್ತಿದ್ದರು: ಅಮ್ಮ ಯಾವಾಗ ಬರ್ತಾಳೆ? ಒಬ್ಬ ಹುಡುಗ ಅವಳಿಗೆ ಚಳಿಯಾಗದಿರಲಿ ಅಂತ ಕಾಲುಚೀಲ ಕಳಿಸಿದ್ದ. ಒತೀಲಿಯಾ ಒಂದಿಡೀ ದಿನ ಆಸ್ಪತ್ರೆ ಕಾಗದದ ದೃಶ್ಯದ ಮುಂದೆ ಕೂತರು. ಆಮೇಲೆ ದಾದಿಯ ಬಾಯಲ್ಲಿ ಬರೆದರು: ನಿನ್ನಮ್ಮನಿಗೆ ಇನ್ನೂ ಸ್ವಲ್ಪ ದಿನ ಬೇಕು.

"ಮೊದಲನೇದು ಕೈತಪ್ಪು," ಅನ್ನುತ್ತಾರೆ. "ಎರಡನೇದು ಹಾಗಲ್ಲ. ಅದನ್ನ ಗೊತ್ತಿದ್ದೇ ಮಾಡ್ದೆ."

ಹೀಗಾಗಿ ಕೊನೆಯ ಕಂತಿನಲ್ಲಿ ಇಂಗೆರ್ ಹುಟ್ಟು ಹಿಡಿದು ಆಚೆ ದಡ ನೋಡುತ್ತಾ ನಿಂತಾಗ, ಡೆನ್ಮಾರ್ಕಿನಲ್ಲಿ, ಜಪಾನಿನಲ್ಲಿ ಅದು ದುಃಖ ನುಂಗಿ ಎದ್ದುನಿಂತ ಮಗು. ಇಲ್ಲಿ ಮಾತ್ರ ಕಾಯುತ್ತಿರುವ ಮಗು. ಅಲ್ಲಿಂದಲೇ ಐವತ್ಮೂರನೇ ಕಂತಿನ ಪುಕಾರು ಹುಟ್ಟಿದ್ದು. ಅಮ್ಮ ವಾಪಸ್ ಬರುವ ಕಂತು ಒಂದಿದೆ, ಚಾನೆಲ್ಲಿನವರು ಹಾಕಲಿಲ್ಲ, ಯಾರೋ ಮುಚ್ಚಿಟ್ಟಿದ್ದಾರೆ. ನಲವತ್ತು ದಾಟಿದ ಯಾರನ್ನೇ ಕೇಳಿ, ಸತ್ಯ ಮಾಡಿ ಹೇಳುತ್ತಾರೆ. ಹೋದ ತಿಂಗಳು ಟ್ಯಾಕ್ಸಿಯವನೊಬ್ಬ ಒತೀಲಿಯಾ ಹತ್ತಿರವೇ ವಾದ ಹೂಡಿದ.

"ನಾನೇ ಕಣ್ಣಾರೆ ನೋಡಿದೀನಿ ಸೆನ್ಯೋರಾ. ಅಮ್ಮ ದೋಣಿಯಿಂದ ಇಳೀತಾಳೆ. ಕೆಂಪು ಶಾಲು."

"ಕೆಂಪಾ?"

"ಕೆಂಪೇ. ನಮ್ಮಮ್ಮನಾಣೆ."

"ನಿಮ್ಮನೇಲಿ ಆಗ ಕಲರ್ ಟೀವಿ ಇತ್ತೇನಪ್ಪಾ?"

ಅವನು ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದ. "ಇರ್ಲಿಲ್ಲ," ಅಂದ. "ಆದ್ರೂ ಕೆಂಪೇ."

ಒತೀಲಿಯಾ ಚಿಲ್ಲರೆ ಎಣಿಸಿ ಕೊಟ್ಟು ಇಳಿದರು. ಅವರಿಗೆ ಗೊತ್ತು, ಐವತ್ಮೂರನೇ ಕಂತು ಅನ್ನುವುದೇ ಇಲ್ಲ. ಗೊತ್ತಿರುವವರು ಈಗ ಹೆಚ್ಚು ಜನ ಉಳಿದೂ ಇಲ್ಲ. ಎಂಬತ್ತೈದರ ಭೂಕಂಪದಲ್ಲಿ ಸ್ಟುಡಿಯೋದ ಕಟ್ಟಡ ಕುಸಿದು ಹಳೇ ಪ್ರತಿಗಳೆಲ್ಲ ಮಣ್ಣಾದವು.

ಈ ವರ್ಷ ಅದೇ ಸರಣಿಗೆ ಹೊಸದಾಗಿ ದನಿ ಕೊಡಿಸುತ್ತಿದ್ದಾರೆ. ಹಳೇ ಧ್ವನಿಪಟ್ಟಿ ಹಾಳಾಗಿದೆ, ಚಿತ್ರವನ್ನು ಮಾತ್ರ ಟೋಕಿಯೋದಲ್ಲಿ ತೊಳೆದು ಚೊಕ್ಕ ಮಾಡಿದ್ದಾರೆ. ನಿರ್ದೇಶಕಿ ರೆನಾತಾಗೆ ಮೂವತ್ಮೂರು ವರ್ಷ. ಎಲ್ಲ ಬಿಟ್ಟು ಹಸಿರು ಬಾಗಿಲು ಹುಡುಕಿಕೊಂಡು ಬಂದಳು. "ಮಾಯೆಸ್ತ್ರಾ," ಅಂದಳು, ಗುರುಗಳನ್ನು ಕರೆಯುವ ಹಾಗೆ, "ಮಾತು ನೀವೇ ಬರೀಬೇಕು. ಒಂದೇ ಕರಾರು. ಮೂಲದಲ್ಲಿ ಏನಿದೆಯೋ ಅದೇ ಇರ್ಬೇಕಂತೆ, ಟೋಕಿಯೋದವರು ಕಡ್ಡಾಯ ಅಂದಿದಾರೆ." ಒತೀಲಿಯಾ ತಲೆಯಾಡಿಸಿದರು. ಅಂದರೆ ಮೂವತ್ತೆಂಟು ತಿದ್ದಬೇಕು, ನಲವತ್ತನಾಲ್ಕೂ ತಿದ್ದಬೇಕು. ನಲವತ್ತು ವರ್ಷ ಕಾದವರಿಗೆ ಅಮ್ಮ ಬರುವುದಿಲ್ಲ ಅಂತ ತಾವೇ ಹೇಳಬೇಕು.

ಸುದ್ದಿ ಹೊರಬಿದ್ದದ್ದೇ ತಡ, ರೆನಾತಾಗೆ ನಾನೂರು ಪತ್ರ ಬಂದವು. ಮುಕ್ಕಾಲುಪಾಲು ಐವತ್ಮೂರನೇ ಕಂತಿನ ಬಗ್ಗೆಯೇ. ಒಂದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಒತೀಲಿಯಾಗೆ ತಂದುಕೊಟ್ಟಳು. ಬರೆದವಳು ಈಕ್ವೆಡಾರಿನ ಲೋಹಾ ಊರಿನ ಯಾದೀರಾ, ಶಾಲೆಯಲ್ಲಿ ಅಡುಗೆ ಮಾಡುವವಳು. ಆ ಪತ್ರ ಈಗ ಕಾಫಿ ಕಲೆ ಹತ್ತಿ ಕಾಳಿನ ಬಟ್ಟಲ ಕೆಳಗಿದೆ. "ನಂಗೆ ಹತ್ತು ವರ್ಷ ಇದ್ದಾಗ ಅಮ್ಮ ಸ್ಪೇನಿಗೆ ಕೆಲಸಕ್ಕೆ ಹೋದ್ಲು. ಬಸ್ ಸ್ಟ್ಯಾಂಡಲ್ಲಿ ಈಗ ಬಂದ್ಬಿಡ್ತೀನಿ ಅಂದ್ಲು. ಅದೇ ವರ್ಷ ನಮ್ಮ ಚಾನೆಲ್ಲಿನವರು ತಮ್ಮ ಹತ್ರ ಉಳಿದಿದ್ದ ಹಳೇ ಟೇಪಲ್ಲಿ ಇಂಗೆರ್ ಮತ್ತೆ ಹಾಕ್ತಿದ್ರು. ಅವಳಮ್ಮಾನೂ ಅದೇ ಮಾತು ಹೇಳಿದ್ಲು. ಇಬ್ಬರೂ ಒಟ್ಟಿಗೆ ಕಾಯ್ತಿದ್ವಿ. ಆ ಮಾತಿಂದಾನೇ ನಾನು ಬದುಕಿದ್ದು. ಆ ಮಾತಿಂದಾನೇ ಒಂಬತ್ತು ವರ್ಷ ಬಾಗಿಲು ಬಿಟ್ಟು ಅಲ್ಲಾಡ್ಲಿಲ್ಲ, ಓದೋಕೆ ಬೇರೆ ಊರಿಗೂ ಹೋಗ್ಲಿಲ್ಲ. ಅಮ್ಮ ಬರ್ಲಿಲ್ಲ. ಈಗ ನನ್ ಮಗಳಿಗೆ ಏಳು. ಅವಳ ಜೊತೆ ಕೂತು ನೋಡ್ಬೇಕು ಅಂತಿದೀನಿ. ಅದಕ್ಕೆ ಮುಂಚೆ ಒಂದು ಹೇಳಿ, ಇಂಗೆರ್ ಅಮ್ಮ ಬಂದ್ಲಾ?"

ಒತೀಲಿಯಾ ಮೂರು ದಿನ ಮೂವತ್ತೆಂಟನೇ ಕಂತು ಮುಟ್ಟಲಿಲ್ಲ. ಮಂಗಳವಾರ ಮೆಟ್ರೋ ಹತ್ತಿ ಅಂಪಾರೊ ಲಿಸಾರ್ದಿ ಮನೆಗೆ ಹೋದರು. ಅಂದು ಆ ಅಮ್ಮನಿಗೆ ದನಿ ಕೊಟ್ಟವರು ಅಂಪಾರೊ. ಈಗ ಎಂಬತ್ತನಾಲ್ಕು, ಹೊಸ ಡಬ್ಬಿಂಗಿನಲ್ಲಿ ಅಜ್ಜಿ ಪಾತ್ರ. ಕೈಯಲ್ಲಿ ಊರುಗೋಲು, ನಾಲಿಗೆ ಮಾತ್ರ ಇನ್ನೂ ಇಪ್ಪತ್ತರದು.

"ಬಂದ್ಯಾ ಮಹಾತಾಯಿ? ಸುಳ್ಳು ಬರೆದವಳು ನೀನು, ಬಾಯಿ ನಂದು. ಸ್ವರ್ಗದ ಬಾಗಿಲಲ್ಲಿ ನನ್ನೇ ತಡೀತಾರೆ."

"ನಿಮ್ಮನ್ನ ತಡೆಯೋಕೆ ಅಲ್ಲಿ ಬೇರೆ ಕಾರಣ ಬೇಕಾದಷ್ಟಿವೆ ಅಂಪಾರೀತೊ."

ಅಂಪಾರೊ ನಕ್ಕು ಕೆಮ್ಮಿದರು. ಆಮೇಲೆ ಒತೀಲಿಯಾಗೂ ಹೇಳದಿದ್ದ ಒಂದು ಸಂಗತಿ ಹೇಳಿದರು. 1983ರಲ್ಲಿ ಸಂತೆಯಲ್ಲಿ ಟೊಮೆಟೊ ಚೌಕಾಸಿ ಮಾಡುತ್ತಿದ್ದಾಗ ಅಂಗಡಿಯವಳ ಮಗಳು ಆ ದನಿ ಕೇಳಿ ಓಡಿಬಂದು ಇವರ ಕಾಲು ತಬ್ಬಿಕೊಂಡು ಕೂಗಿದಳಂತೆ: ಅಮ್ಮ ಬಂದ್ಲು, ಇಂಗೆರ್‌ಗೆ ಹೇಳ್ಬೇಕು! "ನಾನೇನ್ ಮಾಡ್ಲಿ? ಹೂಂ ಕಂದ, ಬಂದೆ ಅಂದೆ. ಮನೆಗೆ ಬಂದು ಎರಡು ದಿನ ಊಟ ಇಳೀಲಿಲ್ಲ. ಆ ಕೂಸು ನನ್ನ ಬಿಡ್ಲೇ ಇಲ್ಲ ಕಣೇ ಒತಿ. ಬೆರಳು ಒಂದೊಂದಾಗಿ ಬಿಡಿಸ್ಕೊಂಡು ಬಂದೆ."

"ಹಾಗಾದ್ರೆ ಏನ್ ಹೇಳಿಸ್ಲಿ ಈಗ?"

"ನಿಜ ಹೇಳಿಸು. ಅಮ್ಮ ಸತ್ತಿದ್ದಕ್ಕೆ ಮಕ್ಕಳು ಅತ್ತು ಎದ್ದೇಳ್ತವೆ. ಬಾಗಿಲು ನೋಡ್ಕೊಂಡು ಕೂತವು ಏಳಲ್ಲ."

ಮಾರನೇ ದಿನ ಜಾವ ಒತೀಲಿಯಾ ಅದೇ ಏಳು ಕಾಳು ಇಟ್ಟರು. ನಾಲ್ಕು ಬಿಳಿ, ಒಂದು ಕರಿ, ಎರಡು ಬಿಳಿ. ಇನ್ನು ನಾನು ಬರೋದಿಲ್ಲ ಅನ್ನುವ ಮಾತಿಗೆ ಸ್ಪ್ಯಾನಿಷಿನಲ್ಲಿ ಐದಾರು ದಾರಿ ಇದೆ, ಒಂದು ಸರಿಯಾಗಿ ಕೂತಿತು. ಇಪ್ಪತ್ತು ನಿಮಿಷದ ಕೆಲಸ. "ಅಷ್ಟು ಸುಲಭ ಇತ್ತು," ಅನ್ನುವಾಗ ಒತೀಲಿಯಾ ದನಿ ಇಳಿಯುತ್ತದೆ. "ಅವತ್ತೂ ಅಷ್ಟೇ ಸುಲಭ ಇತ್ತು." ಟೈಪ್ ಮಾಡಿ, ಕಾಳು ಬಟ್ಟಲಿಗೆ ಸುರಿದು, ದೃಶ್ಯ ಮುಂದಕ್ಕೆ ಓಡಲು ಬಿಟ್ಟರು. ಅಮ್ಮನ ಮಾತು ಮುಗಿದ ಮೇಲೆ ಇಂಗೆರ್ ನಮಗೆ ಬೆನ್ನು ಹಾಕಿ ಹೊಳೆ ಕಡೆ ತಿರುಗುತ್ತಾಳೆ. ನಾಲ್ಕು ಸೆಕೆಂಡು. ದೋಣಿ ದೂರ ಹೋಗುತ್ತದೆ, ಜಡೆ ಗಾಳಿಗೆ ಅಲ್ಲಾಡುತ್ತದೆ, ಬಾಯಿ ಕಾಣುವುದಿಲ್ಲ.

ಈ ಕಸುಬಿನವರಿಗೆ ಬೆನ್ನು ಅಂದರೆ ಹಬ್ಬ. ಬಾಯಿ ಕಾಣದಿದ್ದರೆ ಕಾಳು ಎಣಿಸಬೇಕಿಲ್ಲ, ಎಲ್ಲೂ ಹಿಡಿಸದೆ ಉಳಿದ ಮಾತನ್ನೆಲ್ಲ ಬೆನ್ನಿಗೆ ತುಂಬಿಬಿಡುತ್ತಾರೆ. ಒತೀಲಿಯಾ ಆ ನಾಲ್ಕು ಸೆಕೆಂಡನ್ನು ಹನ್ನೊಂದು ಸಲ ನೋಡಿದರು. ಕೆಳಗೆ ಬೀದಿಯಲ್ಲಿ ಗ್ಯಾಸಿನವನು ಕೂಗುವ ಹೊತ್ತಿಗೆ ಹಾಳೆಯಲ್ಲಿ ಇನ್ನೊಂದು ಸಾಲು ಬಿದ್ದಿತ್ತು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಸ್ಟುಡಿಯೋ. ಅಮ್ಮನ ಪಾತ್ರದ ನಟಿ ನಿಜದ ಮಾತು ಹೇಳಿದಳು. ಏಳು ಕಾಳೂ ಬಾಯಿಗೆ ಕೂತವು, ಒಂದೇ ಸಲಕ್ಕೆ. ಗಾಜಿನ ಈಚೆ ಊರುಗೋಲಿಗೆ ಗಲ್ಲ ಊರಿದ್ದ ಅಂಪಾರೊ ಕಣ್ಣು ಮುಚ್ಚಿಕೊಂಡರು. ಆಗ ಇಂಗೆರ್ ತಿರುಗಿದಳು, ಬೆನ್ನು ಕಂಡಿತು, ಅವಳಿಗೆ ದನಿ ಕೊಡುವ ನಟಿ ಹಾಳೆ ನೋಡಿ ಮೆಲ್ಲಗೆ, ಯಾರಿಗೂ ಕೇಳಬಾರದು ಅನ್ನುವಂತೆ ಹೇಳಿದಳು: ಈಗ ಬಂದ್ಬಿಡು ಅಮ್ಮಾ.

ರೆನಾತಾ ಗುಂಡಿ ಒತ್ತಿ ನಿಲ್ಲಿಸಿದಳು. "ಮಾಯೆಸ್ತ್ರಾ, ಮೂಲದಲ್ಲಿ ಇಲ್ಲಿ ಮಾತಿಲ್ಲ. ಮೌನ ಇದೆ."

"ಬೆನ್ನಿದೆ ಮಗಳೇ. ಬೆನ್ನಿನ ಆಚೆ ಏನಿದೆ ಅಂತ ನೀನೂ ನೋಡಿಲ್ಲ, ನಾನೂ ನೋಡಿಲ್ಲ."

"ಟೋಕಿಯೋದವರು ಕೇಳಿದ್ರೆ?"

"ಅಮ್ಮ ನಿಜಾನೇ ಹೇಳಿದಾಳೆ ಅನ್ನು. ಮಗು ಆಸೆಪಟ್ಟಿದ್ದಕ್ಕೆ ಕರಾರಲ್ಲಿ ಏನಾದ್ರೂ ಬರ್ದಿದೆಯಾ ನೋಡು."

ಅಂಪಾರೊ ಕಣ್ಣು ತೆರೆಯದೆಯೇ ಗದರಿದರು. "ಸುಮ್ನೆ ಇಟ್ಕೊಳ್ಳೇ ಹುಡುಗಿ. ನಲವತ್ತು ವರ್ಷ ಆದ್ಮೇಲೆ ಆ ಮಾತು ನನ್ನ ಬಾಯಿಂದ ಇಳಿದು ಆ ಕೂಸಿನ ಬಾಯಿಗೆ ಹೋಯ್ತು."

ರೆನಾತಾ ಕಣ್ಣೊರೆಸಿಕೊಂಡು ಅದನ್ನೇ ಇಟ್ಟುಕೊಂಡಳು. ನಲವತ್ತನಾಲ್ಕರಲ್ಲಿ ದಾದಿಯೂ ಈಗ ನಿಜವನ್ನೇ ಹೇಳುತ್ತಾಳೆ. ಟೋಕಿಯೋದಿಂದ ಉತ್ತರ ಇನ್ನೂ ಬಂದಿಲ್ಲ, ತೆಗೆಯಿರಿ ಅಂದರೂ ಅನ್ನಬಹುದು. ಒಂದು ಮಾತ್ರ ಗಟ್ಟಿಯಾಗಿದೆ, ಈ ಸಲ ಒತೀಲಿಯಾ ಹೆಸರು ಪರದೆ ಮೇಲೆ ಬರುತ್ತದೆ. ಎಲ್ಲ ಕಂತಿಗೂ ಹಾಕೋಣ ಅಂದರೆ ಬೇಡವೇ ಬೇಡ ಅಂದರಂತೆ. "ಮೂವತ್ತೆಂಟಕ್ಕೆ ಹಾಕ್ಲಿ, ಸಾಕು. ತಪ್ಪು ಶುರುವಾಗಿದ್ದು ಅಲ್ಲಿಂದ್ಲೇ, ತಿದ್ದಿದ್ದೂ ಅಲ್ಲಿಂದ್ಲೇ. ಹುಡ್ಕೊಂಡು ಬೈಯೋರಿಗೆ ಅನುಕೂಲ."

ಲೋಹಾದ ಯಾದೀರಾಗೆ ಉತ್ತರವನ್ನು ಕೈಯಲ್ಲೇ ಬರೆದಿದ್ದಾರೆ. ಐವತ್ಮೂರನೇ ಕಂತು ಇಲ್ಲ ಮಗಳೇ, ಅಮ್ಮ ಬರಲಿಲ್ಲ, ಬರುತ್ತಾಳೆ ಅಂದವಳು ನಾನು, ತಪ್ಪು ನನ್ನದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂವತ್ತೆಂಟನೇ ಕಂತು ನೋಡು, ಬೆನ್ನು ಕಂಡಾಗ ಕಿವಿಗೊಡು. ಲಕೋಟೆ ಅಂಟಿಸುವ ಮುಂಚೆ ಒಳಗೆ ಏಳು ಕಾಳು ಹಾಕಿದರು. ಒಂದು ಕರಿ, ಆರು ಬಿಳಿ.

ಅಂಚೆಗೆ ಹೊರಟವರು ಹೊಸಿಲ ಮೇಲೆ ನಿಂತು, ಅಭ್ಯಾಸಬಲದಿಂದ ಖಾಲಿ ಮನೆಗೇ "ಈಗ ಬಂದೆ" ಅಂದು, ತಮ್ಮಷ್ಟಕ್ಕೆ ನಕ್ಕು ಬಾಗಿಲು ಎಳೆದುಕೊಳ್ಳುತ್ತಾರೆ. ಮೆಟ್ಟಿಲಿಳಿಯುತ್ತಾ ಅವರು ಕೇಳಿದ ಪ್ರಶ್ನೆ ಈಗ ನಿಮಗೂ ಸೇರಿದ್ದು: ಅಮ್ಮ ಬರೋದಿಲ್ಲ ಅಂತ ಹೇಳಿಯಾಗಿದೆ, ಮಗು ಆಚೆ ತಿರುಗಿ ನಿಂತಿದೆ, ನಾಲ್ಕು ಸೆಕೆಂಡು ನಿಮ್ಮ ಕೈಯಲ್ಲಿದೆ. ನೀವಾಗಿದ್ದರೆ ಅದನ್ನು ಖಾಲಿ ಬಿಡ್ತಿದ್ರಾ?